ಕೆಳಗಿನ ಸ್ವರ

ಹೆಡ್‌ಫೋನ್ ಕಿವಿಗೇರಿದ ಕೂಡಲೇ ಹೊರಗಿನ ಲೋಕ ಮುಚ್ಚಿಕೊಳ್ಳುತ್ತದೆ, ಆಮೇಲೆ ನೀವು, ನಿಮ್ಮ ಹತ್ತು ಬೆರಳು, ಅಷ್ಟೇ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಅವಳ ಪಾಲಿಗೆ ಅದು ಎಂದೂ ಮುಚ್ಚಿಕೊಳ್ಳಲಿಲ್ಲ. ಕಾಲೇಜಿನ ಮೇಲಿನ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಎರಡು ಸಾಲು ಎಲೆಕ್ಟ್ರಿಕ್ ಪಿಯಾನೊಗಳು, ಪ್ರತಿಯೊಂದರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ಒಬ್ಬೊಬ್ಬ ವಿದ್ಯಾರ್ಥಿ. ಯಾರು ನುಡಿಸಿದರೂ ಅದು ಅವರಿಗಷ್ಟೇ ಕೇಳುವುದು. ಬಾಗಿಲಲ್ಲಿ ನಿಂತವರಿಗೆ ಸಂಗೀತದ ಸುಳಿವೇ ಇಲ್ಲ, ಬರೀ ಕೀಗಳ ಟಕಟಕ, ತಗಡಿನ ಮೇಲೆ ಕಾಳು ಸುರಿದ ಹಾಗೆ. ಮುಂದೆ ಮೇಷ್ಟ್ರ ಮೇಜು, ಅದರ ಮೇಲೆ ಸಾಲಾಗಿ ಸ್ವಿಚ್ಚುಗಳು. ಯಾರ ಸ್ವಿಚ್ಚು ಒತ್ತಿದರೆ ಅವರ ನುಡಿಕೆ ಮೇಷ್ಟ್ರ ಕಿವಿಗೆ ಹೋಗುತ್ತದೆ; ಒತ್ತಿದ ಕ್ಷಣ ನುಡಿಸುವವರ ಕಿವಿಯೊಳಗೆ 'ಟಿಕ್' ಎಂದು ಸಣ್ಣ ಸದ್ದು. ಆ ಟಿಕ್‌ಗಾಗಿ ಅವಳು ಕಾಯುತ್ತಿದ್ದಳು. ನಲವತ್ತಾರರ ಹೆಂಗಸು, ಶಾಲೆಯೊಂದರಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಹಾಡು ಹೇಳಿಕೊಟ್ಟವಳು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ ಕತ್ತು ಬಿಗಿಮಾಡಿಕೊಂಡು ಕಾಯುತ್ತಿದ್ದಳು. ಟಿಕ್ ಬರದಿದ್ದಾಗ ಕಣ್ಣೆತ್ತಿ ಮೇಷ್ಟ್ರ ಮುಖ ನೋಡುತ್ತಿದ್ದಳು. ಅವರು ಯಾರನ್ನು ಕೇಳುತ್ತಿದ್ದಾರೆಂದು ಆ ಮುಖವೇ ಹೇಳಿಬಿಡುತ್ತಿತ್ತು. ಕಿಟಕಿಯ ಕಡೆ ನೋಡುತ್ತಾ ಗಡ್ಡ ಕೆರೆದುಕೊಳ್ಳುತ್ತಿದ್ದರೆ ಅದು ಅವಳ ನುಡಿಕೆ. ಕಣ್ಣು ಮುಚ್ಚಿದ್ದರೆ, ಅವಳ ಪಕ್ಕದ ಪಿಯಾನೊ. ಪಕ್ಕದ ಪಿಯಾನೊದಲ್ಲಿ ಕೂರುತ್ತಿದ್ದವಳು ಅವಳ ಮಗಳು.

ಸಂಗೀತ ಹೇಳಿಕೊಡುವವರಿಗೆ ಪದವಿ ಬೇಕೇಬೇಕು ಎಂದು ಶಾಲೆಯವರು ಹೊಸದಾಗಿ ಹಟ ಹಿಡಿದಾಗ, ಮಗಳು ಸೇರಿದ ಕಾಲೇಜಿಗೇ ಅವಳೂ ಸೇರಿದ್ದಳು. ಎಲ್ಲರಿಗೂ ಅದು ಮುದ್ದಾಗಿ ಕಂಡಿತು. ಕಾಲೇಜಿನವರು ಇಬ್ಬರನ್ನೂ ಒಂದೇ ಪಿಯಾನೊದ ಮುಂದೆ ಕೂರಿಸಿ ಫೋಟೊ ತೆಗೆದು ತಮ್ಮ ಪತ್ರಿಕೆಯಲ್ಲಿ ಹಾಕಿದರು. ಫೋಟೊದಲ್ಲಿ ತಾಯಿ ಮಗಳನ್ನು ನೋಡಿ ನಗುತ್ತಿದ್ದಾಳೆ, ಮಗಳು ಕೀಗಳನ್ನು ನೋಡುತ್ತಿದ್ದಾಳೆ. ತರಗತಿಯ ಹುಡುಗ ಹುಡುಗಿಯರು ಅವಳನ್ನು ಟೀಚರಮ್ಮ ಎನ್ನುತ್ತಿದ್ದರು. ಪ್ರೀತಿಯಿಂದಲೇ, ಆದರೆ ಕಾಫಿಗೆ ಹೊರಟಾಗ ಟೀಚರಮ್ಮನನ್ನು ಯಾರೂ ಕರೆಯುತ್ತಿರಲಿಲ್ಲ. ಮಗಳು ತರಗತಿಯಲ್ಲಿ ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಒಮ್ಮೆ ಮಾತ್ರ, ಕೊಟ್ಟ ಹಾಡನ್ನು ಬೇರೆ ಶ್ರುತಿಗೆ ಇಳಿಸಿ ಆ ಕ್ಷಣದಲ್ಲೇ ನುಡಿಸುವ ಅಭ್ಯಾಸದಲ್ಲಿ ಅವಳು ತಡವರಿಸುತ್ತಿದ್ದಾಗ, ಮಗಳು ಮೆಲ್ಲಗೆ ಕೈಚಾಚಿ, ಅವಳ ನಾಲ್ಕನೇ ಬೆರಳನ್ನು ಎತ್ತಿ ಪಕ್ಕದ ಕಪ್ಪು ಕೀಯ ಮೇಲೆ ಇಟ್ಟಿದ್ದಳು. ಮಗುವಿನ ಬೆರಳನ್ನು ಹಿಡಿದು ಅಕ್ಷರ ತಿದ್ದಿಸುವ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ 'ಅಯ್ಯೋ ಪಾಪ, ಎಷ್ಟು ಚೆನ್ನಾಗಿದೆ' ಎಂದರು. ಅವಳೂ ನಕ್ಕಳು. ಮನೆಗೆ ಬಂದು ಆ ಬೆರಳನ್ನು ಸೋಪು ಹಾಕಿ ತೊಳೆದಳು. ಯಾಕೆಂದು ಅವಳಿಗೂ ತಿಳಿಯಲಿಲ್ಲ.

ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನೇ ನೋಡಿ ಹೊಟ್ಟೆ ಉರಿಯುತ್ತದೆಯೇ? ಅಂಥದ್ದಕ್ಕೆ ಒಂದು ಹೆಸರಾದರೂ ಇದೆಯೇ? ಪಕ್ಕದ ಮನೆಯವಳ ಸೀರೆಗೆ, ನಾದಿನಿಯ ಬಂಗಾರಕ್ಕೆ, ಜೊತೆಯವಳ ಬಡ್ತಿಗೆ ಹೊಟ್ಟೆಕಿಚ್ಚು ಪಡಬಹುದು. ಅದನ್ನು ಬಾಯಿಬಿಟ್ಟು ಹೇಳಿ ನಗಲೂಬಹುದು. ಇದನ್ನು ಯಾರ ಹತ್ತಿರ ಹೇಳುವುದು. ಗಂಡನ ಹತ್ತಿರ ಒಂದು ಸಂಜೆ ಸುತ್ತಿ ಬಳಸಿ ಕೇಳಿದ್ದಳು. ಕನ್ನಡಕದ ಅಂಗಡಿ ಇಟ್ಟಿದ್ದ ಅವನು ಯಾರದೋ ಕನ್ನಡಕದ ತಿರುಪು ಬಿಗಿಮಾಡುತ್ತಾ ಕೂತಿದ್ದ. "ನಮ್ಮಿಬ್ಬರಲ್ಲಿ ಯಾರು ನುಡಿಸ್ತಿರೋದು ಅಂತ ನಿಮಗೆ ಈ ಕೋಣೇಲಿ ಕೂತರೆ ಗೊತ್ತಾಗುತ್ತಾ?" ಅವನು ಯೋಚಿಸಿ, "ಪಕ್ಕದ ಮನೆಯವರು ಗೋಡೆ ಕುಟ್ಟಿದ್ರೆ ನೀನು, ಕುಟ್ಟದಿದ್ರೆ ಅವಳು," ಎಂದ. ಅವಳ ಮುಖ ನೋಡಿ, "ತಮಾಷೆಗೆ ಅಂದೆ ಕಣೇ, ನಂಗೆ ಇಬ್ಬರದೂ ಒಂದೇ ಥರ ಕೇಳುತ್ತೆ," ಎಂದು ಸೇರಿಸಿದ. ಎರಡರಲ್ಲಿ ಯಾವುದು ಹೆಚ್ಚು ಚುಚ್ಚಿತೆಂದು ಅವಳು ಬಹಳ ಹೊತ್ತು ತೂಗಿ ನೋಡಿದಳು. ಮಗಳು ಇನ್ನೂ ಚಿಕ್ಕವಳಿದ್ದಾಗ, ಕಾಲು ನೆಲಕ್ಕೆ ಎಟುಕದ ಕಾಲದಲ್ಲಿ, ತಾಯಿ ವಾರವೆಲ್ಲ ಒದ್ದಾಡುತ್ತಿದ್ದ ಒಂದು ತುಣುಕನ್ನು ಕುರ್ಚಿ ಹತ್ತಿ ಹಾಗೇ ಕಿವಿಯಲ್ಲಿ ಕೇಳಿದ್ದಷ್ಟರಿಂದ ನುಡಿಸಿಬಿಟ್ಟಿದ್ದಳು. ಅವಳು ಚಪ್ಪಾಳೆ ತಟ್ಟಿ, ಮಗುವನ್ನು ಎತ್ತಿಕೊಂಡು, ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಬಕೆಟ್ ತುಂಬಿ ನೀರು ಕಾಲಮೇಲೆ ಹರಿಯುವವರೆಗೂ.

ಆ ವರ್ಷದ ಕೊನೆಗೆ ಕಾಲೇಜಿನ ಸಭಾಂಗಣದಲ್ಲಿ ಕಾರ್ಯಕ್ರಮ. ಹಾಡುವವನು ಮೇಲಿನ ತರಗತಿಯ ಹುಡುಗ; ಅವನ ಗಂಟಲಿನ ನಾದಕ್ಕೆ ಎಲ್ಲರೂ ಅವನನ್ನು ಗಂಟೆ ಎಂದೇ ಕರೆಯುತ್ತಿದ್ದರು. ಅವನಿಗೆ ಪಿಯಾನೊ ಸಾಥ್ ಕೊಡಲು ಈ ತರಗತಿಯಿಂದ ಒಬ್ಬರೇ ಒಬ್ಬರು. ಸಭಾಂಗಣದಲ್ಲಿ ಇರುವುದು ಪ್ಲಗ್ಗು ಸ್ವಿಚ್ಚು ಇಲ್ಲದ, ನಿಜವಾದ ದೊಡ್ಡ ಮರದ ಪಿಯಾನೊ. ಅದರ ಮುಂದೆ ಕೂರುವುದೆಂದರೆ ತರಗತಿಯ ಈ ಕಾಳು ಸುರಿದ ಸದ್ದಿನಿಂದ ಪಾರಾಗಿ, ಜನ ಕೇಳುವ ಕಡೆಗೆ ಹೋದಂತೆ. ಮೇಷ್ಟ್ರು ಮಗಳ ಹೆಸರು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಆಮೇಲೆ ಅವರು ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಬದಲಿ ಒಬ್ಬರು ಇರಲಿ. ಟೀಚರಮ್ಮ, ನೀವು ಕಲ್ತಿರಿ. ಹೇಗೂ ಒಂದೇ ಮನೆ, ಪುಸ್ತಕ ಎರಡು ಬೇಕಾಗಲ್ಲ," ಎಂದರು. ಹುಡುಗರು ನಕ್ಕರು. ಬದಲಿ. ಆ ಪದ ಅವಳ ಜೊತೆ ಬಸ್ಸು ಹತ್ತಿತು, ಪಕ್ಕದಲ್ಲಿ ಕೂತಿತು. ತಾಯಿಗೆ ಮಗಳು ಬದಲಿಯಾಗುವುದು ಲೋಕದ ರೀತಿ. ಇಲ್ಲಿ ಮಗಳಿಗೆ ಜ್ವರವೋ ನೆಗಡಿಯೋ ಬಂದರೆ ಇರಲಿ ಎಂದು ತಾಯಿಯನ್ನು ಮೂಲೆಯಲ್ಲಿ ಇಟ್ಟಿದ್ದರು, ಮಳೆ ಬಂದರೆ ಇರಲಿ ಎಂದು ಛತ್ರಿ ಇಡುವ ಹಾಗೆ.

ಅವಳು ಕಲಿತಳು. ಮನೆಯ ಪಿಯಾನೊದಲ್ಲಿ ಮಗಳು ಅಭ್ಯಾಸ ಮುಗಿಸಿ ಎದ್ದ ಮೇಲೆ, ಇನ್ನೂ ಬೆಚ್ಚಗಿದ್ದ ಕುರ್ಚಿಯಲ್ಲಿ ಕೂತು, ಅದೇ ಪುಸ್ತಕ ತೆರೆದು, ಮಗಳು ಪೆನ್ಸಿಲಿನಲ್ಲಿ ಬರೆದಿಟ್ಟ ಬೆರಳಿನ ಗುರುತುಗಳನ್ನು ನೋಡದಿರಲು ಪ್ರಯತ್ನಿಸುತ್ತಾ ಕಲಿತಳು. ಹಾಡಿನ ನಡುವೆ ಎಡಗೈಗೆ ಒಂದು ಕಷ್ಟದ ಜಾಗವಿತ್ತು. ಹೆಬ್ಬೆರಳನ್ನೂ ಕಿರುಬೆರಳನ್ನೂ ಪೂರ್ತಿ ಅಗಲಿಸಿ, ಒಂದೇ ಸ್ವರವನ್ನು ಮೇಲೊಂದು ಕೆಳಗೊಂದು ಜೋಡಿಯಾಗಿ, ಪುಟದುದ್ದಕ್ಕೂ ಬಿಡುವಿಲ್ಲದೆ ಹೊಡೆಯುತ್ತಾ ಹೋಗಬೇಕು. ಮಗಳ ಕೈ ಚಿಕ್ಕದು. ಅದು ಅವಳಿಗೆ ಮೊದಲಿನಿಂದ ಗೊತ್ತಿದ್ದ ಸಂಗತಿ. ಆ ಕೈಯನ್ನು ಮೊದಲು ಕೀಗಳ ಮೇಲೆ ಇಟ್ಟವಳೇ ಅವಳು, ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಹಿಡಿದು 'ಸಡಿಲ ಬಿಡು, ಇನ್ನೂ ಸಡಿಲ ಬಿಡು' ಎಂದವಳು. ಹಾಗಾಗಿ ಒಂದು ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ, ಗೋಡೆಯಾಚೆಯಿಂದ ಬಂದ ಆ ಜಾಗದಲ್ಲಿ ಕೆಳಗಿನ ಸ್ವರ ಕೂದಲೆಳೆಯಷ್ಟು ತಡವಾದದ್ದು ಅವಳಿಗೆ ಥಟ್ಟನೆ ಕೇಳಿತು. ಮತ್ತೆ ಬಂದಾಗ ಆ ಸ್ವರ ಬರೀ ನೆರಳಾಗಿತ್ತು. ಕಿರುಬೆರಳು ಒತ್ತುತ್ತಿರಲಿಲ್ಲ, ಸವರುತ್ತಿತ್ತು. ನೋಯುತ್ತಿರುವ ಕೈ ಮಾತ್ರ ಹಾಗೆ ಸವರುತ್ತದೆ. ಚಾಕು ನಿಂತಿತು. ಹೋಗಬೇಕು, ಬಾಗಿಲಲ್ಲಿ ನಿಂತು 'ಏನೇ, ಕೈಗೇನಾಯ್ತೇ' ಎನ್ನಬೇಕು. ಎರಡು ಹೆಜ್ಜೆಯ ದಾರಿ. ಕೇಳಿದರೆ ಹೇಳುತ್ತಾಳೆ. ಹೇಳಿದರೆ ನಿಲ್ಲಿಸು ಎನ್ನಬೇಕು. ನಿಲ್ಲಿಸು ಎಂದರೆ, ಬದಲಿಯವಳು ಹೇಳಿದ ಮಾತಾಗುತ್ತದೆ. ಅವಳು ಈ ಕೊನೆಯ ಕಾರಣವನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅದು ಮರ್ಯಾದೆಯ ಕಾರಣದ ಹಾಗೆ ಕಾಣುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದು ಇತ್ತು: ತಪ್ಪಲಿ. ಒಮ್ಮೆ, ಒಂದೇ ಒಂದು ಸಲ, ಮೇಷ್ಟ್ರ ಆ ಕಣ್ಣು ಮುಚ್ಚಿಕೊಂಡ ಮುಖ ಕಣ್ಣು ಬಿಡಲಿ. ಚಾಕು ಮತ್ತೆ ಆಡತೊಡಗಿತು. ಈರುಳ್ಳಿಯಾದ್ದರಿಂದ ಕಣ್ಣೀರಿಗೆ ಕಾರಣ ಹುಡುಕಬೇಕಾಗಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಎಲ್ಲವನ್ನೂ ನೋಡಿದಳು. ಮಗಳು ಬಾಟಲಿಯನ್ನು ತೊಡೆಯ ಸಂದಿಯಲ್ಲಿ ಹಿಡಿದು ಮುಚ್ಚಳವನ್ನು ಬಲಗೈಯಲ್ಲಿ ತಿರುಗಿಸುವುದನ್ನು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ್ದನ್ನು, ಊಟದ ಮೇಜಿನ ಕೆಳಗೆ ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಸುಕುತ್ತಿದ್ದುದನ್ನು. ಗಂಡ ಒಮ್ಮೆ, "ಯಾಕೆ ಪುಟ್ಟಾ, ಕೈ ನೋವಾ?" ಎಂದ. ಮಗಳು "ಇಲ್ಲಪ್ಪ, ಮಲಗಿದ್ದು ಹೆಚ್ಚುಕಮ್ಮಿ ಆಗಿರಬೇಕು," ಎಂದು ತಾಯಿಯ ಕಡೆ ನೋಡಿದಳು. ತಾಯಿ ಎದ್ದು ನೀರು ತರಲು ಹೋದಳು. ಎದುರಿಗಿದ್ದ ಜಗ್ಗಿನಲ್ಲಿ ನೀರಿತ್ತು.

ಕಾರ್ಯಕ್ರಮದ ವಾರ. ಬೆಳಿಗ್ಗೆ ಎಂದಿನ ಹಾಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಮೆಟ್ಟಿಲು ಹತ್ತಿ, ಪಕ್ಕಪಕ್ಕದಲ್ಲಿ ಕೂತು, ಬೇರೆ ಬೇರೆ ಹೆಡ್‌ಫೋನು ಹಾಕಿಕೊಂಡಿದ್ದರು. ಅವಳು ಆ ಕಷ್ಟದ ಪುಟದಲ್ಲಿದ್ದಳು. ಅವಳ ಕೈ ದೊಡ್ಡದು, ಶಾಲೆಯ ಹಳೆಯ ಹಾರ್ಮೋನಿಯಂನಲ್ಲಿ ಗಟ್ಟಿಯಾದದ್ದು, ಜೋಡಿಸ್ವರ ಅದಕ್ಕೆ ಕಷ್ಟವೇ ಅಲ್ಲ. ಟಿಕ್ ಎಂದಿತು. ಅವಳು ಉಸಿರು ಹಿಡಿದು ಇನ್ನೂ ಹುರುಪಿನಿಂದ ನುಡಿಸಿದಳು. ಟಿಕ್, ಹೋಯಿತು. ತಲೆಯೆತ್ತಿದಳು. ಮೇಷ್ಟ್ರು ಕಣ್ಣು ಮುಚ್ಚಿದ್ದರು. ಮತ್ತೆ ಟಿಕ್, ಆದರೆ ಈ ಸಲ ಕೋಣೆಯಲ್ಲಿ ಎಲ್ಲರ ಕೈಯೂ ಒಮ್ಮೆಲೇ ನಿಂತಿತು, ಕಾಳು ಸುರಿಯುವ ಸದ್ದು ಅಡಗಿತು. ಮೇಷ್ಟ್ರು ಮಗಳ ನುಡಿಕೆಯನ್ನು ಎಲ್ಲರ ಕಿವಿಗೂ ಬಿಟ್ಟಿದ್ದರು. ಅದು ಹೊರಗಿನಿಂದ ಬರುತ್ತಿರಲಿಲ್ಲ, ಅವಳ ತಲೆಬುರುಡೆಯ ಒಳಗೇ ಹುಟ್ಟುತ್ತಿತ್ತು, ಒಂದು ಕಾಲಕ್ಕೆ ಮಗು ಒಳಗಿನಿಂದ ಒದೆಯುತ್ತಿದ್ದ ಹಾಗೆ. ಎಷ್ಟು ಚೆನ್ನಾಗಿತ್ತು. ಬಲಗೈ ಮಾತಾಡುತ್ತಿತ್ತು, ಹಾಡುವವನಿಗೆ ಜಾಗ ಬಿಟ್ಟು, ಅವನು ಇಲ್ಲದಿದ್ದರೂ ಅವನ ಉಸಿರಿಗೆ ಕಾದು. ಅವಳ ಕಣ್ಣು ತಾನೇ ಮುಚ್ಚಿಕೊಳ್ಳುವುದರಲ್ಲಿತ್ತು. ಆಗ ಆ ಪುಟ ಬಂತು. ಕೆಳಗಿನ ಸ್ವರ ಬರಲೇ ಇಲ್ಲ. ಮಗಳು ಸವರುವುದನ್ನೂ ಬಿಟ್ಟಿದ್ದಳು. ಜೋಡಿಯಲ್ಲಿ ಕೆಳಗಿನದನ್ನು ಪೂರ್ತಿ ಕೈಬಿಟ್ಟು, ಹೆಬ್ಬೆರಳಿನ ಒಂಟಿ ಸ್ವರದಲ್ಲಿ ಪುಟವನ್ನು ದಾಟುತ್ತಿದ್ದಳು, ಜಾಣತನದಿಂದ, ಗುರುತು ಸಿಗದಂತೆ, ಕುಂಟುವವನು ಜನರೆದುರು ಸಾವಕಾಶವಾಗಿ ನಡೆಯುವ ಹಾಗೆ.

ಮುಗಿಯಿತು. ಮೇಷ್ಟ್ರು ಕಣ್ಣು ತೆರೆದರು. ಎಲ್ಲರ ಕಿವಿಯೊಳಗೂ ಅವರ ದನಿ ಬಂತು. "ಕೇಳಿದ್ರಾ? ಆ ಎಡಗೈ ನೋಡಿ, ಎಷ್ಟು ಹಗುರ! ಗಾಳಿ ಆಡುತ್ತೆ ಅಲ್ಲಿ. ಟೀಚರಮ್ಮ, ನಿಮ್ಮದು ಈಗಷ್ಟೇ ಕೇಳಿದೆ. ಸೌದೆ ಒಡೆದ ಹಾಗಿದೆ. ಮಗಳ ಎಡಗೈ ಕೇಳಿಸ್ಕೊಳ್ಳಿ, ಹಾಗೆ ಮಾಡೋಕೆ ನೋಡಿ."

ಇಷ್ಟು ದಿನ ಒಳಗೆ ಕೂತು ಕಾದಿದ್ದು ಆ ಕ್ಷಣದಲ್ಲಿ ಎದ್ದು ನಿಂತಿತು. ಅವಳೂ ಎದ್ದು ನಿಂತಿದ್ದಳು. ಹೆಡ್‌ಫೋನ್ ಕಿವಿಯ ಮೇಲೇ ಇದ್ದುದರಿಂದ ತನ್ನ ದನಿ ಎಷ್ಟು ಜೋರಾಗಿದೆಯೆಂದು ಅವಳಿಗೆ ತಿಳಿಯಲಿಲ್ಲ. "ಅದು ಹಗುರ ಅಲ್ಲ ಸರ್! ಅವಳು ಅರ್ಧಕ್ಕರ್ಧ ಸ್ವರ ನುಡಿಸ್ತಾನೇ ಇಲ್ಲ. ಕೆಳಗಿಂದೆಲ್ಲ ಬಿಟ್ಟುಬಿಟ್ಟಿದ್ದಾಳೆ. ಅವಳ ಕೈ ಕೆಟ್ಟಿದೆ. ನಿಮಗೆ ಕೇಳಲಿಲ್ವಾ?"

ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಮೊದಲು ಅವಳನ್ನು, ಆಮೇಲೆ ಮಗಳನ್ನು. ಮಗಳು ಕೀಗಳ ಮೇಲಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮುಖ ಕೆಂಪಾಗಿತ್ತು, ಆದರೆ ಅದರಲ್ಲಿ ಅಚ್ಚರಿ ಇರಲಿಲ್ಲ. ಮೇಷ್ಟ್ರು ಎದ್ದು ಬಂದು, ಮಗಳ ಪಕ್ಕದಲ್ಲಿ ಬಗ್ಗಿ, "ಒಂದು ಸಲ ಜೋಡಿ ಹೊಡಿ ಮರಿ, ಮೆಲ್ಲಗೇ," ಎಂದರು. ಮಗಳು ಎಡಗೈ ಎತ್ತಿ, ಅಗಲಿಸಿ, ಇಳಿಸಿದಳು. ಹೆಡ್‌ಫೋನಿನಲ್ಲಿ ಏನು ಕೇಳಿತೋ, ಹೊರಗೆ ಕೇಳಿದ್ದು ಅವಳ ಹಲ್ಲುಗಳ ನಡುವಿನಿಂದ ಬಂದ 'ಸ್ಸ್' ಎಂಬ ಸದ್ದು ಮಾತ್ರ. ಮೇಷ್ಟ್ರು ನೆಟ್ಟಗಾದರು. ಅವರ ಯಾವ ಮುಖ ನೋಡಲು ತಾಯಿ ಇಷ್ಟು ದಿನ ಕಾದಿದ್ದಳೋ ಆ ಮುಖ ಈಗ ಎದುರಿಗಿತ್ತು, ಪೆಚ್ಚಾಗಿ, ವಯಸ್ಸಾದಂತೆ. ಸಂತೋಷ ಬಂತು. ನಿಜವಾಗಿ ಬಂತು, ಬೇಡವೆಂದರೂ ಬಂತು. "ಹಾಗಾದ್ರೆ ನೀವೇ ಕೂರಬೇಕಾಗುತ್ತೆ ಟೀಚರಮ್ಮ," ಎಂದರು ಮೇಷ್ಟ್ರು, ಅವಳ ಕಡೆ ನೋಡದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಏನೆಂದು ಕೇಳಬೇಕಾಗಿರಲಿಲ್ಲ.

ಮೂಳೆ ಡಾಕ್ಟರು ಮಗಳ ಮಣಿಕಟ್ಟನ್ನು ಅಲ್ಲಲ್ಲಿ ಒತ್ತಿ ನೋಡಿದರು. "ಬೆರಳನ್ನ ಎಳೆಯೋ ಹುರಿಗಳಿರುತ್ತಲ್ಲ, ಅವು ಬಾತಿವೆ. ಹೀಗೇ ಇನ್ನಷ್ಟು ದಿನ ಎಳೆದಿದ್ರೆ ಕಿರುಬೆರಳು ಮಾತು ಕೇಳೋದನ್ನೇ ಬಿಡ್ತಿತ್ತು. ಈಗ ಪರವಾಗಿಲ್ಲ, ಪಟ್ಟಿ ಕಟ್ತೀನಿ, ಅಲ್ಲಾಡಿಸ್ಬಾರದು." ಪಟ್ಟಿ ಸುತ್ತುತ್ತಾ ಅವರು ಸಹಜವಾಗಿ ಕೇಳಿದರು, "ನೀವು ಮ್ಯೂಸಿಕ್ ಟೀಚರ್ ಅಂತೀರಿ, ಮುಂಚೆ ಗಮನಕ್ಕೆ ಬರಲಿಲ್ವಾ?" ಅವಳು "ಇಲ್ಲ ಡಾಕ್ಟ್ರೇ," ಎಂದಳು. ಎಷ್ಟು ಸಲೀಸಾಗಿ ಬಂತೆಂದರೆ, ಎದುರು ಗೋಡೆಯ ಮೇಲಿದ್ದ ಕೈಮೂಳೆಗಳ ಚಿತ್ರವನ್ನು ನೋಡುತ್ತಾ ಅದನ್ನು ಅವಳೇ ಒಂದು ಕ್ಷಣ ನಂಬಿದಳು. ಮಗಳು ಪಟ್ಟಿಯನ್ನೇ ನೋಡುತ್ತಿದ್ದಳು.

ಬಸ್‌ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ರಸ್ತೆಯಾಚೆ ಒಬ್ಬ ಅಂಗಡಿಯ ಗಾಜು ಒರೆಸುತ್ತಿದ್ದ. ಒರೆಸಿದಷ್ಟೂ ಗಾಜು ಇದೆಯೆಂಬುದೇ ಕಾಣದಾಗುತ್ತಿತ್ತು.

"ಯಾವಾಗಿಂದ ಗೊತ್ತಿತ್ತು ನಿಂಗೆ?" ಎಂದಳು ಮಗಳು.

ಇವತ್ತೇ ಎಂದರೆ ಮುಗಿದುಹೋಗುತ್ತಿತ್ತು. ತರಗತಿಯಲ್ಲಿ ಕೇಳಿತು, ತಡೆಯಲಾರದೆ ಹೇಳಿಬಿಟ್ಟೆ, ತಾಯಿಯಲ್ಲವೇ. ಈ ಮಾತುಗಳೆಲ್ಲ ನಾಲಿಗೆಯ ಮೇಲೆ ಸಿದ್ಧವಾಗಿ ಸಾಲುಗಟ್ಟಿ ನಿಂತಿದ್ದವು. ಅವಳು ಬಾಯಿ ತೆರೆದಳು. "ಬಹಳ ದಿನ ಆಯ್ತು," ಎಂದಳು.

"ಗೊತ್ತು."

"ಏನು ಗೊತ್ತು?"

"ನಿಂಗೆ ಗೊತ್ತಾಗಿದೆ ಅಂತ. ನಾನು ಆ ಜಾಗಕ್ಕೆ ಬಂದಾಗಲೆಲ್ಲ ಅಡುಗೆಮನೇಲಿ ನಿನ್ನ ಚಾಕು ನಿಲ್ತಿತ್ತು. ಈಗ ಬರ್ತಾಳೆ, ಬೈತಾಳೆ ಅಂತ ಕಾಯ್ತಿದ್ದೆ. ಆಮೇಲೆ ಮತ್ತೆ ಟಕಟಕ ಅಂತ ಶುರುವಾಗ್ತಿತ್ತು." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ನೀನೇ ನಿಲ್ಲಿಸ್ಬಹುದಿತ್ತಲ್ಲ. ನಿನ್ನ ಕೈ, ನಿನ್ನ ನೋವು."

"ನೀನು ನಿಲ್ಲಿಸು ಅಂದಿದ್ರೆ ನಿಲ್ಲಿಸ್ತಿದ್ದೆ ಅಮ್ಮ. ನಾನಾಗೇ ನಿಲ್ಲಿಸಿದ್ರೆ ನಿಂಗೆ ಬಿಟ್ಟುಕೊಟ್ಟ ಹಾಗಾಗ್ತಿತ್ತು." ಮಗಳು ಮುಂದುವರಿಸಿದಳು, "ಅದೊಂದು ನನ್ನಿಂದ ಆಗ್ತಿರಲಿಲ್ಲ. ಕೈ ಹೋದ್ರೂ ಸರಿ ಅನ್ಸಿತ್ತು."

ಅವಳು ಮಗಳನ್ನು ನೋಡಿದಳು. ಇಷ್ಟು ದಿನ ತಾನೊಬ್ಬಳೇ ಆ ಕೊಳಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದೇನೆ ಎಂದುಕೊಂಡಿದ್ದಳು. ಮಗಳು ಸುಮ್ಮನೆ ಹರಿಯುವ ನೀರು, ತಾನು ದಡದಲ್ಲಿ ಕೂತ ಕಲ್ಲು ಎಂದುಕೊಂಡಿದ್ದಳು. ಗೋಡೆಯ ಆ ಬದಿಯಲ್ಲಿ ಈ ಹುಡುಗಿಯೂ ಕಿವಿಗೊಟ್ಟು ಕೂತಿದ್ದಳು; ಹಲ್ಲು ಕಚ್ಚಿಕೊಂಡು, ಒಂದೊಂದೇ ಸ್ವರ ಕೈಬಿಡುತ್ತಾ, ತಾಯಿಗೆ ಸೋಲಬಾರದೆಂದು. ಅವಳಿಗೆ ಭಯವಾಯಿತು. ಭಯದ ಜೊತೆಗೆ ಒಂದು ಹೆಮ್ಮೆಯೂ ಬಂತು, ಅದನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ: ಈ ಹುಡುಗಿ ತನಗೆ ಹೆದರಿದ್ದಳು. ಅವಳು ಹೆದರುವಷ್ಟು ಚೆನ್ನಾಗಿ ನಾನು ನುಡಿಸುತ್ತಿದ್ದೆನೇ? "ನಾನು ಆವತ್ತೇ ಬರಬೇಕಿತ್ತು," ಎಂದಳು. ಮಗಳು "ಹೂಂ," ಎಂದಳು. ಬಸ್ಸು ಬಂತು. ಹತ್ತುವಾಗ ಮಗಳ ಕಟ್ಟಿದ ಕೈ ತಾಗದಂತೆ ಅವಳು ಇಳಿಯುವ ಜನರಿಗೆ ಅಡ್ಡವಾಗಿ ಮೊಣಕೈ ಚಾಚಿ ನಿಂತಳು. ಮಗಳು ಬೇಡ ಎನ್ನಲಿಲ್ಲ.

ಕಾರ್ಯಕ್ರಮದ ಸಂಜೆ ಪುಸ್ತಕದ ಹಾಳೆ ತಿರುವಲು ಮೇಷ್ಟ್ರು ಒಬ್ಬ ಹುಡುಗಿಯನ್ನು ಗೊತ್ತುಮಾಡಿದ್ದರು. ಮಗಳು, "ನಾನು ತಿರುವ್ತೀನಿ, ಬಲಗೈ ಚೆನ್ನಾಗಿದೆ," ಎಂದಳು.  ಒಂದು ಹಾಳೆ ಒಂದು ಕ್ಷಣ ತಡವಾದರೆ ಸಾಕು, ತನ್ನ ನುಡಿಕೆ ಕೆಟ್ಟಂತೆ ಎಂದು ತಾಯಿಗೆ ಹೊಳೆಯಿತು. ಅಂಥದ್ದನ್ನು ಯೋಚಿಸಿದ್ದಕ್ಕೆ ನಾಚಿಕೆಯಾಯಿತು, ಯೋಚನೆ ಮಾತ್ರ ಹೋಗಲಿಲ್ಲ. ಸಭಾಂಗಣದಲ್ಲಿ ಮುಂದಿನ ಸಾಲಲ್ಲಿ ಗಂಡ ಕೂತಿದ್ದ, ಯಾರು ನುಡಿಸುತ್ತಾರೋ ಅವರಿಗೆ ಎಂದು ತಂದ ಹೂವಿನ ಗುಚ್ಛವನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ನಿಲ್ಲಿಸಿಕೊಂಡು. ಹಾಡುವ ಹುಡುಗ ಗಂಟೆ ಬಂದು ಪಿಯಾನೊದ ಬಾಗಿದ ಬದಿಯಲ್ಲಿ ನಿಂತು ಅವಳಿಗೆ ತಲೆಯಾಡಿಸಿದ. ಅವಳು ಕೈ ಇಟ್ಟಳು. ಮರ ಸದ್ದು ಮಾಡಿತು. ಪ್ರತಿ ಸ್ವರವೂ ಬೆರಳಿನಿಂದ ಮೊಣಕೈಗೆ, ಅಲ್ಲಿಂದ ಕುರ್ಚಿಗೆ, ನೆಲಕ್ಕೆ ಇಳಿದು, ಎಲ್ಲೋ ಕತ್ತಲಲ್ಲಿ ಕೂತ ಜನರ ಕಾಲ ಕೆಳಗಿನಿಂದ ಮೇಲೇರುತ್ತಿತ್ತು. ಯಾವ ಟಿಕ್‌ಗೂ ಕಾಯಬೇಕಾಗಿಲ್ಲ. ಎಲ್ಲರೂ ಕೇಳುತ್ತಲೇ ಇದ್ದರು. ಮಗಳು ಹಾಳೆಗಳನ್ನು ತಿರುವಿದಳು, ಅವಳಿಗೆ ಬೇಕಾದ ಕ್ಷಣಕ್ಕಿಂತ ಒಂದು ಉಸಿರು ಮುಂಚೆ, ಪ್ರತಿ ಸಲವೂ, ಅವಳು ಎಲ್ಲಿ ಆತುರಪಡುತ್ತಾಳೆ ಎಲ್ಲಿ ಎಡವುತ್ತಾಳೆಂದು ಗೊತ್ತಿರುವ ಕೈಯಿಂದ. ಎರಡನೇ ಪುಟದಲ್ಲಿ ಗಂಟೆ ಒಂದು ಪದವನ್ನು ಹಿಡಿದು ನಿಲ್ಲಿಸಿದ. ಅವಳು ಮುಂದೆ ನುಗ್ಗಿದಳು, ಅವನು ಓಡಿ ಬಂದು ಸೇರಿಕೊಂಡ. ಮಗಳ ಮೂಗಿನಿಂದ ಸಣ್ಣಗೆ ಗಾಳಿ ಹೊರಬಂತು. ಆ ಕಷ್ಟದ ಪುಟ ಬಂತು. ಅವಳು ಕೈ ಅಗಲಿಸಿ, ಕೆಳಗಿನದನ್ನೂ ಮೇಲಿನದನ್ನೂ ಒಂದೂ ಬಿಡದೆ ಹೊಡೆದಳು. ಪಿಯಾನೊ ಹೊಟ್ಟೆಯಿಂದ ಗುಡುಗಿತು. ಓರೆಗಣ್ಣಿನಲ್ಲಿ ಮಗಳ ಮುಖ ಕಂಡಿತು. ತುಟಿ ಬಿಗಿದಿತ್ತು, ಕಣ್ಣು ಆ ದೊಡ್ಡ ಎಡಗೈಯ ಮೇಲೆ ನೆಟ್ಟಿತ್ತು, ಪಟ್ಟಿಯ ತುದಿಯಿಂದ ಇಣುಕಿದ ಬೆರಳುಗಳು ಒಂದಿಷ್ಟೇ ಕದಲುತ್ತಿದ್ದವು. ಆ ಮುಖವನ್ನು ಅವಳು ಬಚ್ಚಲಿನ ಕನ್ನಡಿಯಲ್ಲಿ ವರ್ಷಗಟ್ಟಲೆ ನೋಡಿದ್ದಳು. ಅದು ಈಗ ಬೇರೆಯವರ ಕತ್ತಿನ ಮೇಲೆ ಇತ್ತು. ತಾಯಿಯಾದವಳಿಗೆ ಸಂಕಟವಾಗಬೇಕಿತ್ತು. ಆಯಿತು; ಆದರೆ ಅದಕ್ಕಿಂತ ಮೊದಲು ಹಿತವಾಯಿತು.

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಬಂದು ಕೈಕುಲುಕಿ, "ಈ ಪಿಯಾನೊಗೆ ನಿಮ್ಮ ಕೈ ಬೇಕಿತ್ತು," ಎಂದರು. ಅದು ಹೊಗಳಿಕೆಯೋ ಕ್ಷಮೆ ಕೇಳಿದ್ದೋ ಅವಳು ಬಿಡಿಸಿ ನೋಡಲಿಲ್ಲ. ಗಂಡ ಹೂವನ್ನು ಇಬ್ಬರ ನಡುವೆ ಚಾಚಿ, ಯಾರಾದರೂ ತೆಗೆದುಕೊಳ್ಳಲಿ ಎಂದು ನಿಂತು, ಕೊನೆಗೆ, "ನಾನೇ ಇಟ್ಕೊಂಡಿರ್ತೀನಿ ಬಿಡಿ," ಎಂದು ಆಟೊ ಹುಡುಕಲು ಹೋದ. ವೇದಿಕೆಯ ಹಿಂದಿನ ಕೋಣೆಯಲ್ಲಿ ಇಬ್ಬರೇ ಉಳಿದರು.

"ಎರಡನೇ ಪುಟದಲ್ಲಿ ನೀನು ಅವನಿಗೆ ಕಾಯಲಿಲ್ಲ," ಎಂದಳು ಮಗಳು.

"ಗೊತ್ತಾಯ್ತು."

"ಉಳಿದಿದ್ದು ಚೆನ್ನಾಗಿತ್ತು. ಆ ಜೋಡಿ ಸ್ವರ..." ಮಗಳು ತನ್ನ ಕಟ್ಟಿದ ಕೈಯನ್ನು ಎತ್ತಿ ನೋಡಿಕೊಂಡಳು. "ನನ್ನ ಕೈಗೆ ಅಷ್ಟು ಸದ್ದು ಬರಲ್ಲ. ವಾಸಿಯಾದ್ರೂ ಬರಲ್ಲ."

'ಬರುತ್ತೆ, ನಿಂಗೆ ಇನ್ನೂ ವಯಸ್ಸಿದೆ' ಎನ್ನಬಹುದಿತ್ತು. "ಹೌದು, ಬರಲ್ಲ," ಎಂದಳು ಅವಳು. "ನಿಂಗೆ ಅದು ಬೇಕಾಗೂ ಇಲ್ಲ." ಇದನ್ನು ಅವಳು ಅಸೂಯೆಯಿಂದ ಹೇಳಿದಳೋ ಪ್ರೀತಿಯಿಂದ ಹೇಳಿದಳೋ, ಮಗಳು ಅವಳ ಮುಖದಲ್ಲಿ ಹುಡುಕಿ ನೋಡಿ, ಸಿಕ್ಕಿತೋ ಇಲ್ಲವೋ, ನಕ್ಕಳು. ಹೊರಗೆ ಚಳಿ. ಮಗಳು ಕೋಟಿನ ಒಂದು ತೋಳು ಹಾಕಿಕೊಂಡು, ಇನ್ನೊಂದನ್ನು ಕಟ್ಟಿದ ಕೈಯ ಮೇಲೆ ಹೊದ್ದುಕೊಂಡಳು. ಅವಳು ಮುಂದೆ ಬಗ್ಗಿ ಗುಂಡಿ ಹಾಕತೊಡಗಿದಳು, ಕೆಳಗಿನಿಂದ ಒಂದೊಂದಾಗಿ. ಮಗಳು ಶಾಲೆಗೆ ಹೊರಟ ಮಗುವಿನ ಹಾಗೆ ಗದ್ದ ಎತ್ತಿಕೊಂಡು ನಿಂತಿದ್ದಳು. ತಾಯಿಯ ಬೆರಳುಗಳಿಗೆ ಆತುರವೇ ಇರಲಿಲ್ಲ. ಈ ಪಟ್ಟಿ ಇನ್ನೂ ಕೆಲವು ದಿನ ಇರುತ್ತದೆ, ಇನ್ನೂ ಕೆಲವು ದಿನ ಗುಂಡಿ ಹಾಕಬೇಕು, ತಲೆ ಬಾಚಬೇಕು, ಮುಚ್ಚಳ ತೆಗೆದುಕೊಡಬೇಕು. ಇದು ಇಷ್ಟು ಸಿಹಿಯಾಗಿದೆಯಲ್ಲ ಎನಿಸಿತು. ಮರುಕ್ಷಣ ತನಗೇನು ಸಿಹಿಯಾಗಿದೆಯೆಂದು ತಿಳಿದು ಕೈ ಹಿಂದಕ್ಕೆ ಬಂತು.

"ಕೊನೇದು ಬಿಡು, ನಾನೇ ಹಾಕ್ಕೋತೀನಿ," ಎಂದಳು ಮಗಳು. ಕುತ್ತಿಗೆಯ ಹತ್ತಿರದ ಗುಂಡಿ, ಕಣ್ಣಿಗೆ ಕಾಣದ್ದು. ಒಂಟಿ ಬಲಗೈ ತಡಕಾಡಿತು. ಗುಂಡಿ ತೂತಿನ ಅಂಚಿಗೆ ಬಂದು ಜಾರಿತು, ಮತ್ತೆ ಬಂದು ಮತ್ತೆ ಜಾರಿತು. ಹೊರಗೆ ಗಂಡ ಆಟೊದವನ ಜೊತೆ ವಾದಿಸುತ್ತಿದ್ದುದು ಕೇಳುತ್ತಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಸಹಾಯ ಮಾಡಬೇಕೆಂಬ ಆಸೆಯನ್ನೂ, ಮಗಳಿಂದ ಅದು ಆಗದೇ ಹೋಗಲೆಂಬ ಆಸೆಯನ್ನೂ ಒಂದೇ ಹಿಡಿಯಲ್ಲಿ ಒತ್ತಿಕೊಂಡು. ಗುಂಡಿ ಕೂತಿತು. ಮಗಳು ಗೆದ್ದವಳ ಹಾಗೆ ಕಣ್ಣೆತ್ತಿ ನೋಡಿದಳು. ಆ ನೋಟ ಅವಳಿಗೆ ಚುಚ್ಚಿತು, ಎಂದಿನ ಜಾಗದಲ್ಲೇ, ಎಂದಿನಷ್ಟೇ. ಅವಳು ಮಗಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, "ನಡಿ," ಎಂದಳು.